ಅಂಗೈ ಕಂಪ್ಯೂಟರ್‌ಗೆ ಯಾವ ಓಎಸ್? ಬೆಂಗಳೂರಿನ ಹಳೇ ಉತ್ತರ

ಐಫೋನ್ ಬರೋಕೆ ಮುಂಚೆನೇ
ನಮ್ಮ ಬೆಂಗಳೂರಲ್ಲಿ
ಕನ್ನಡ ಓದಿ ಹೇಳೋ ಅಂಗೈ ಕಂಪ್ಯೂಟರ್ ಇತ್ತು, ಗೊತ್ತಾ?

ಹೆಸರು ಸಿಂಪ್ಯೂಟರ್.
ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಪ್ರೊಫೆಸರ್‌ಗಳು,
ಎನ್‌ಕೋರ್ ಕಂಪನಿ ಎಂಜಿನಿಯರ್‌ಗಳು
ಸೇರಿ ಮಾಡಿದ್ದು.

ಇದಕ್ಕೆ ಯಾವ ಓಎಸ್ ಹಾಕೋದು?
ಆಗ ವಿಂಡೋಸ್ ಸಿಇ ಇತ್ತು.
ಇವರು ಹಿಡಿದಿದ್ದು ಲಿನಕ್ಸ್.

ಯಾಕೆ?
ಮಾಗಡಿ ಕಡೆಯವರಿಗೆ ಹೀಗೆ ಹೇಳ್ತೀನಿ.
ವಿಂಡೋಸ್ ಸಿಇ ಅಂದ್ರೆ ಗುತ್ತಿಗೆ ಹೊಲ. ರಾಗಿ ಬೆಳೀಬಹುದು,
ಆದ್ರೆ ಬದು ಒಡೆಯೋ ಹಾಗಿಲ್ಲ,
ಬೋರ್ ಕೊರೆಸೋ ಹಾಗಿಲ್ಲ.
ಲಿನಕ್ಸ್ ಅಂದ್ರೆ ಸ್ವಂತ ಹೊಲ.
ಲೈಸೆನ್ಸ್ ದುಡ್ಡಿಲ್ಲ,
ಒಳಗೆ ಏನು ಬೇಕಾದ್ರೂ ಬದಲಾಯಿಸ್ಕೊಳ್ಳಿ.

ಬದಲಾಯಿಸಿದ್ರು ಕೂಡ!
ಅಕ್ಷರ ಓದಿ ಹೇಳೋಕೆ 'ಧ್ವನಿ' ಅನ್ನೋ ಸಾಫ್ಟ್‌ವೇರ್.
ಊರಿಗೆಲ್ಲ ಒಂದೇ ಯಂತ್ರ ಸಾಕು ಅಂತ
ಸ್ಮಾರ್ಟ್ ಕಾರ್ಡ್ ಕಿಂಡಿ.
ನಿಮ್ಮ ಕಾರ್ಡ್ ತೂರಿಸಿ,
ನಿಮ್ಮ ಮಾಹಿತಿ ನೋಡಿ,
ಪಕ್ಕದವರಿಗೆ ಕೊಡಿ.
ನನಗೆ ತುಂಬಾ ಇಷ್ಟವಾದ ಐಡಿಯಾ ಇದು.

2004ರಲ್ಲಿ ಬಿಇಎಲ್ ಜೊತೆ ಸೇರಿ
'ಅಮಿಡಾ' ಅಂತ ಮಾರುಕಟ್ಟೆಗೆ ಬಂತು.
ಕಪ್ಪು-ಬಿಳುಪು ಸ್ಕ್ರೀನ್‌ಗೇ 9,950 ರೂಪಾಯಿ!
ಆಗಿನ ಕಾಲಕ್ಕೆ ಹಳ್ಳಿ ಜೇಬಿಗೆ ಭಾರ.
ಅಷ್ಟರಲ್ಲಿ ಅಗ್ಗದ ಮೊಬೈಲ್ ಬಂತು.
ಸೋತಿದ್ದು ಲಿನಕ್ಸ್ ಅಲ್ಲ, ಬೆಲೆ.
ಇವತ್ತಿನ ಆಂಡ್ರಾಯ್ಡ್ ಹೊಟ್ಟೆಯೊಳಗೂ
ಲಿನಕ್ಸ್ ಕರ್ನಲ್ಲೇ ಇರೋದು!

ಈಗ ನೀವೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ
ಇಂಥದ್ದೊಂದು ಕಟ್ತೀರಾ?
ಮೆಮೊರಿ ಕಮ್ಮಿ ಇದ್ರೆ
ಹಗುರ ಡೆಸ್ಕ್‌ಟಾಪ್ ಇರೋ ಲಿನಕ್ಸ್ ಆರಿಸಿ.
ಕನ್ನಡ ಫಾಂಟ್, ಕೀಬೋರ್ಡ್ ಹಾಕಿ,
'ಅರ್ಕಾವತಿ' ಅಂತ ಟೈಪ್ ಮಾಡಿ.
ಅರ್ಕಾವೊತ್ತು ಜಾಗದಲ್ಲಿ ಕೂತಿಲ್ವಾ?
ಬೇರೆ ಫಾಂಟ್ ಹಾಕಿ ನೋಡಿ.