ಏಡಿಗಳ ಕುಲವಿಚಾರ

ಬೆಳಗಾವಿಯ ಮೀನುಪೇಟೆಯಲ್ಲಿ ಕಡಲಿನ ಏಡಿಗಳನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ಖಾನಾಪುರದತ್ತ ಹೋದರೆ ಗದ್ದೆಯ ಬದುಗಳಲ್ಲಿಯೂ ಹಳ್ಳದ ಕಲ್ಲುಗಳ ಅಡಿಯಲ್ಲಿಯೂ ಬೇರೆ ಏಡಿಗಳು ಕಾಣುತ್ತವೆ. ನಾವು ಎರಡನ್ನೂ ಏಡಿ ಎನ್ನುತ್ತೇವೆ; ನೆರೆಯ ಮರಾಠಿಗರು ಖೇಕಡಾ ಎನ್ನುತ್ತಾರೆ; ಅಮರಕೋಶವು ಕುಲೀರ, ಕರ್ಕಟಕ ಎನ್ನುತ್ತದೆ. ಆದರೆ ಈ ಒಂದು ಹೆಸರಿನ ಅಡಿಯಲ್ಲಿ ಸಾವಿರಾರು ಪ್ರಭೇದಗಳಿವೆ. ಅವನ್ನು ವಿಂಗಡಿಸುವುದು ಹೇಗೆ?

ಹೊರರೂಪವನ್ನೇ ನಂಬಿದರೆ ಮೋಸಹೋಗುತ್ತೇವೆ. 'ಬಣ್ಣ' ಎಂಬುದು ಅಚ್ಚಗನ್ನಡದಂತೆ ಕಂಡರೂ 'ವರ್ಣ'ದ ತದ್ಭವವಲ್ಲವೆ? ಏಡಿಗಳಲ್ಲಿಯೂ ಹಾಗೆಯೇ. ಆಳವಾದ ತಣ್ಣನೆಯ ಕಡಲುಗಳಲ್ಲಿ ರಾಜ ಏಡಿ ಎಂಬ ದೊಡ್ಡ ಪ್ರಾಣಿಯುಂಟು. ನೋಟಕ್ಕೆ ಏಡಿಯೇ ಸರಿ. ಆದರೆ ಕೊಂಡಿಗಳ ಹಿಂದೆ ಅದಕ್ಕೆ ಮೂರೇ ಜೊತೆ ನಡೆಗಾಲುಗಳು ಕಾಣುತ್ತವೆ. ನಿಜವಾದ ಏಡಿಗೆ ನಾಲ್ಕು ಜೊತೆ. ಹೆಣ್ಣಿನ ಹೊಟ್ಟೆಯ ಪದರವೂ ಒಂದು ಕಡೆಗೆ ಓರೆ. ಇದರ ನಂಟು ಶಂಖದಲ್ಲಿ ಮನೆಮಾಡುವ ಸನ್ಯಾಸಿ ಏಡಿಯೊಡನೆ. ಇನ್ನೊಂದು ಆಳಗಡಲ ಬಳಗದ ಏಡಿಗಳು ಕೊನೆಯ ಜೊತೆ ಕಾಲುಗಳನ್ನು ಬೆನ್ನಿನ ಮೇಲಕ್ಕೆ ಮಡಿಸಿಕೊಂಡಿರುತ್ತವೆ. ಮೇಲೆ ಸ್ಪಂಜು ಮೊದಲಾದುವನ್ನು ಹೊತ್ತು ಮರೆಯಾಗುತ್ತವೆ. ಕಾಲು ವಿಚಿತ್ರವಾದರೂ ಇವು ನಿಜವಾದ ಏಡಿಗಳೇ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಗಟ್ಟಿ ಬುನಾದಿ ಹಾಕಿದವರಲ್ಲಿ ಆಲ್ಕಾಕ್ ಎಂಬ ವೈದ್ಯರು ಪ್ರಮುಖರು. 'ಇನ್ವೆಸ್ಟಿಗೇಟರ್' ಹಡಗು ಕಡಲಿನ ತಳದಿಂದ ಬಾಚಿ ತಂದ ಏಡಿಗಳ ವಿವರಣೆಯನ್ನು ಅವರು 1899ರಲ್ಲಿ ಪ್ರಕಟಿಸಿದರು. ಅವರೇ 1910ರಲ್ಲಿ ಹೊಳೆ ಹಳ್ಳಗಳ ಏಡಿಗಳ ಪಟ್ಟಿಯನ್ನೂ ಕೊಟ್ಟರು. ಆಳಗಡಲಿಗೂ ಹಳ್ಳಕ್ಕೂ ಅಳತೆಗೋಲು ಒಂದೇ: ಅಂಗರಚನೆ. ಸಿಹಿನೀರಿನ ಏಡಿಗಳಲ್ಲಿ ಗಂಡಿನ ಹೊಟ್ಟೆಯ ಪದರದೊಳಗಿನ ಮೊದಲ ಜೊತೆ ಕಿರು ಅವಯವಗಳ ಆಕಾರವೇ ಮುಖ್ಯ ಗುರುತು.

ಈ ವಿಂಗಡಣೆ ಬರಿಯ ಪಾಂಡಿತ್ಯವೇ? ಅಲ್ಲ. ಕಡಲಿನ ಏಡಿ ಸಾಮಾನ್ಯವಾಗಿ ಬಹುಸಂಖ್ಯೆಯ ಸಣ್ಣ ಮೊಟ್ಟೆಗಳನ್ನಿಡುತ್ತದೆ. ಅದರ ಎಳೆಯ ಮರಿಗಳು ಪ್ರವಾಹದೊಡನೆ ತೇಲಿ ದೂರ ಹೋಗುತ್ತವೆ. ನಮ್ಮ ಹಳ್ಳದ ಏಡಿಯ ಮೊಟ್ಟೆಗಳು ಕೆಲವೇ, ಗಾತ್ರದಲ್ಲಿ ದೊಡ್ಡವು. ಒಡೆದಾಗ ಪುಟ್ಟ ಏಡಿಯೇ ಹೊರಬರುತ್ತದೆ. ತೇಲಿ ಹೋಗುವ ಅವಸ್ಥೆಯೇ ಇಲ್ಲ. ಆದ್ದರಿಂದ ಒಂದು ಬೆಟ್ಟದ ಪ್ರಭೇದ ಮುಂದಿನ ಬೆಟ್ಟದಲ್ಲಿ ಇಲ್ಲದಿರಬಹುದು.

ಪಶ್ಚಿಮ ಘಟ್ಟದ ಹೆಸರನ್ನೇ ಹೊತ್ತ 'ಘಟಿಯಾನ' ಎಂಬ ಜಾತಿಯನ್ನು ವಿದ್ವಾಂಸರು 2014ರಲ್ಲಿ ಗುರುತಿಸಿದರು. 2022ರಲ್ಲಿ ಯಲ್ಲಾಪುರದ ಕಾಡಿನಿಂದ ಅದಕ್ಕೆ ಹೊಸದೊಂದು ಪ್ರಭೇದ ಸೇರಿತು. ಬಿಳುಪು, ನೇರಳೆ ಎಂಬ ಎರಡು ಬಣ್ಣಗಳಿಂದ ಅದಕ್ಕೆ 'ದ್ವಿವರ್ಣ' ಎಂಬ ಹೆಸರು. ಅದನ್ನು ಮೊದಲು ಕಂಡವರಲ್ಲಿ ಅರಣ್ಯ ರಕ್ಷಕರೊಬ್ಬರೂ ಇದ್ದರು. ಎಲ್ಲವೂ 'ಏಡಿ'ಯೇ ಎಂದು ಅವರು ಮುಂದೆ ನಡೆದಿದ್ದರೆ?

ಹೆಸರಿಲ್ಲದ್ದು ಅಳಿದರೆ ಅಳಿದುದೂ ತಿಳಿಯದು. ಖಾನಾಪುರದ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅಲ್ಲಿಯ ಒಂದು ಒರತೆ ಬತ್ತಿದರೆ ಬತ್ತುವುದು ನೀರು ಮಾತ್ರವಲ್ಲ. ಮುಂದಿನ ಮಳೆಗಾಲದಲ್ಲಿ ಅತ್ತ ಹೋದಾಗ ಕಲ್ಲನ್ನು ಮೆಲ್ಲಗೆ ಎತ್ತಿ ನೋಡಿ. ಹೊಟ್ಟೆಯ ಪದರ ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಟ್ಟು ಬನ್ನಿ.