ಪೋರ್ಟಲ್‌ನಲ್ಲಿ ಕಾಣದ ಕೆಲಸ

ಆರೋಗ್ಯ ಸುಧಾರಣೆ ಅಂದ ತಕ್ಷಣ ನಮ್ಮ ಮಾತು ಕಾರ್ಡಿಗೆ ಹೋಗುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ವಿಮೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆಮೇಲೆ 2021ರಲ್ಲಿ ಡಿಜಿಟಲ್ ಮಿಷನ್, 14 ಅಂಕಿಯ ಆಭಾ ಸಂಖ್ಯೆ. ನಾನೂ ಆಫೀಸ್ ಕ್ಯಾಬ್‌ನಲ್ಲಿ ಕೂತೇ ಅದನ್ನ ಮಾಡಿಕೊಂಡೆ. ಇಷ್ಟೆಲ್ಲ ಡೇಟಾ ಹಳ್ಳಿಗಳಲ್ಲಿ ಯಾರು ತುಂಬ್ತಾರೆ ಅನ್ನೋ ಪ್ರಶ್ನೆ ನಮಗೆ ಬರೋದೇ ಇಲ್ಲ.

ನನಗೆ ಬಂದಿದ್ದು ಚಿಕ್ಕಮ್ಮನಿಂದ. ಅವರು ಆಶಾ ಕಾರ್ಯಕರ್ತೆ. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಬಂದಾಗ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ನೇಮಿಸಿದ್ದು ಇವರನ್ನೇ. ನೇಮಕ ಅಂದೆ, ಆದರೆ ಕಾಗದದ ಮೇಲೆ ಅವರು ನೌಕರರಲ್ಲ, ಸ್ವಯಂಸೇವಕಿಯರು. ಸಂಬಳ ಇಲ್ಲ, ಗೌರವಧನ ಮತ್ತು ಒಂದೊಂದು ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. ಗರ್ಭಿಣಿಯರ ನೋಂದಣಿ, ಲಸಿಕೆ, ಬಾಣಂತಿ ಮನೆಗೆ ಭೇಟಿ ಮೊದಲಿನಿಂದ ಇದ್ದವು. ಉಪಕೇಂದ್ರಗಳು ಆರೋಗ್ಯ ಮಂದಿರಗಳಾದ ಮೇಲೆ 30 ದಾಟಿದವರ ಬಿಪಿ, ಶುಗರ್ ತಪಾಸಣೆಗೆ ಮನೆಮನೆ ಫಾರ್ಮ್ ತುಂಬುವುದೂ ಸೇರಿತು. ಒಳ್ಳೆಯದೇ. ನಮ್ಮೂರಲ್ಲಿ ಶುಗರ್ ಇದೆ ಅಂತ ಗೊತ್ತಾಗ್ತಿದ್ದದ್ದೇ ಕಾಲಿನ ಗಾಯ ಮಾಯದಿದ್ದಾಗ.

ತೊಂದರೆ ಇರೋದು ದುಡ್ಡಿನ ದಾರಿಯಲ್ಲಿ. ಕೆಲಸ ಮಾಡಿದರೆ ಸಾಲದು, ಅದು ಪೋರ್ಟಲ್‌ನಲ್ಲಿ ಕಾಣಬೇಕು. ಚಿಕ್ಕಮ್ಮ ಹೇಳಿದ ಒಂದು ಲೆಕ್ಕ ನೋಡಿ. ಸೊಸೆಯಾಗಿ ಬಂದ ಹುಡುಗಿಯ ಹಿಂದೆ ಏಳು ತಿಂಗಳು ಓಡಾಡಿದ್ದು ಇವರು. ಹೆರಿಗೆಗೆ ಅವಳು ತವರಿಗೆ ಹೋದಳು, ಬೇರೆ ಜಿಲ್ಲೆ. ಹೆರಿಗೆಯ ಎಂಟ್ರಿ ಅಲ್ಲಾಯಿತು. ಇಲ್ಲಿನ ದಾಖಲೆಗೂ ಅಲ್ಲಿನ ದಾಖಲೆಗೂ ಕೊಂಡಿ ಬೀಳಲಿಲ್ಲ, ಚಿಕ್ಕಮ್ಮನ ಹಣವೂ ಬರಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಅನ್ನೋದು ನಮ್ಮ ನಾಡಿನ ಮಾಮೂಲಿ ಪದ್ಧತಿ. ರಿಕ್ವೈರ್ಮೆಂಟ್ ಬರೆದವರು ಒಬ್ಬ ಅತ್ತೆಯನ್ನು ಕೇಳಿದ್ದರೂ ಸಾಕಿತ್ತು!

ಆರೋಗ್ಯ ಕೇಂದ್ರದ ಡೇಟಾ ಎಂಟ್ರಿಯವರನ್ನ ಬೈದು ಪ್ರಯೋಜನ ಇಲ್ಲ. ಒಂದೇ ಗರ್ಭಿಣಿಯ ಹೆಸರು ರಿಜಿಸ್ಟರ್‌ನಲ್ಲಿ, ಆಪ್‌ನಲ್ಲಿ, ಮತ್ತೊಂದು ಪೋರ್ಟಲ್‌ನಲ್ಲಿ ಬರೆಯಬೇಕು. ನರ್ಸಮ್ಮನ ಅರ್ಧ ದಿನ ಅದಕ್ಕೇ ಹೋಗುತ್ತೆ. ಕಾಗದ ತಪ್ಪಿಸೋಕೆ ಬಂದ ವ್ಯವಸ್ಥೆ ಕಾಗದದ ಪಕ್ಕದಲ್ಲೇ ಕೂತುಬಿಟ್ಟಿದೆ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ, ಸಿಕ್ಕಿದ್ದು ಕನಿಷ್ಠ 10,000ದ ಭರವಸೆ. ಟ್ರಾಫಿಕ್ ಜಾಮ್ ಅಂತ ನಮ್ಮ ಟೀಮ್ ಗ್ರೂಪ್‌ನಲ್ಲಿ ಮೆಸೇಜ್ ಬಂದಿತ್ತು, ಅಷ್ಟೇ.

ನಿಗದಿತ ಮೊತ್ತ ಬೇಕು ಅನ್ನೋ ಅವರ ಹಟ ನನಗೆ ಸರಿ ಅನ್ನಿಸುತ್ತೆ. ನಮ್ಮ ಸಂಬಳವನ್ನ ಸರ್ವರ್ ಡೌನ್ ಆದ ದಿನ ಯಾರೂ ಕತ್ತರಿಸಲ್ಲ. ಅದಾಗೋವರೆಗೆ ಕನಿಷ್ಠ ಒಂದು ಸ್ಕ್ರೀನ್ ಕೊಡಬಹುದು: ಯಾವ ಕೆಲಸದ ಹಣ ಎಲ್ಲಿ, ಯಾಕೆ ನಿಂತಿದೆ, ಕನ್ನಡದಲ್ಲಿ. ಇಡ್ಲಿ ಯಾವ ಸಿಗ್ನಲ್‌ನಲ್ಲಿ ನಿಂತಿದೆ ಅಂತ ತೋರಿಸೋರಿಗೆ ಇದು ಕಷ್ಟದ ಕೋಡ್ ಅಲ್ಲ.

ಸದ್ಯಕ್ಕೆ ಚಿಕ್ಕಮ್ಮ ಪ್ರತಿ ಎಂಟ್ರಿಯ ಸ್ಕ್ರೀನ್‌ಶಾಟ್ ತೆಗೆದಿಡುತ್ತಾರೆ. ಸ್ಟೋರೇಜ್ ತುಂಬಿದೆ, ಏನು ಡಿಲೀಟ್ ಮಾಡ್ಲಿ ಅಂತ ಮೊನ್ನೆ ಫೋನ್ ಮಾಡಿದ್ದರು. ಮೊಮ್ಮಗಳ ವಿಡಿಯೋ ನನಗೆ ಕಳಿಸಿ, ಸ್ಕ್ರೀನ್‌ಶಾಟ್ ಮುಟ್ಟಬೇಡಿ ಅಂದೆ.