ಸಹಿ ಹಾಕದ ಆಟಗಾರ

ಹೆಸರಾಂತ ಫುಟ್‌ಬಾಲ್ ಆಟಗಾರನೊಬ್ಬ ಹೊಸ ಕರಾರಿಗೆ ಸಹಿ ಹಾಕಲೊಲ್ಲೆನೆಂದು ಹಟ ಹಿಡಿದು ಕುಳಿತಿದ್ದಾನೆ ಎಂಬ ಸುದ್ದಿಯನ್ನು ಪತ್ರಿಕೆಗಳ ಕ್ರೀಡಾಪುಟದಲ್ಲಿ ನಾವು ಆಗಾಗ ಓದುತ್ತೇವೆ. ಓದಿದೊಡನೆ ಬಹುಮಂದಿಯ ಬಾಯಿಗೆ ಬರುವ ಮಾತು ಒಂದೇ: ದುರಾಸೆ. ಅಷ್ಟು ಗಳಿಸುವವನಿಗೆ ಇನ್ನೆಷ್ಟು ಬೇಕು? ಇದು ಸುಲಭದ ತೀರ್ಪು. ಹೀಗೆ ಹಟ ಹಿಡಿದು ಕೂರುವ ಹಕ್ಕು ಆಟಗಾರನಿಗೆ ಯಾವಾಗ, ಯಾರಿಂದ ಬಂತೆಂದು ಕೇಳಿದರೆ ನಾವು ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ.

ಅಲ್ಲಿಯ ಫುಟ್‌ಬಾಲ್ ಲೀಗು 1893ರಿಂದ ಒಂದು ಏರ್ಪಾಡನ್ನು ನಡೆಸಿಕೊಂಡು ಬಂದಿತ್ತು. ಆಟಗಾರನ ಹೆಸರು ಯಾವುದಾದರೊಂದು ಕ್ಲಬ್ಬಿನ ಪರವಾಗಿ ಲೀಗಿನ ದಫ್ತರದಲ್ಲಿ ದಾಖಲಾಗಿರಬೇಕು, ಇಲ್ಲದವನು ಆಡುವಂತಿಲ್ಲ. ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು. ವರ್ಷ ಮುಗಿಯುತ್ತ ಬಂದಂತೆ ಕ್ಲಬ್ಬು ಪಟ್ಟಿ ಸಿದ್ಧಪಡಿಸುತ್ತಿತ್ತು: ಇವರನ್ನು ಉಳಿಸಿಕೊಳ್ಳುವುದು, ಇವರನ್ನು ಹಣ ಪಡೆದು ಬೇರೆಯವರಿಗೆ ಕೊಡುವುದು. ಉಳಿಸಿಕೊಳ್ಳುವವರ ಪಟ್ಟಿಯಲ್ಲಿ ಹೆಸರು ಬಿದ್ದವನು ಸಹಿ ಹಾಕಿದರೆ ಸರಿ. ಹಾಕದಿದ್ದರೆ? ಹಳೆಯ ಕರಾರು ತೀರಿದ್ದರಿಂದ ಕ್ಲಬ್ಬು ಅವನಿಗೆ ಸಂಬಳ ಕೊಡಬೇಕಾಗಿರಲಿಲ್ಲ; ದಾಖಲೆ ತನ್ನ ಕೈಯಲ್ಲೇ ಇದ್ದುದರಿಂದ ಅವನನ್ನು ಬಿಟ್ಟುಕೊಡಬೇಕಾಗಿಯೂ ಇರಲಿಲ್ಲ. ಸಂಬಳಕ್ಕೂ ಮಿತಿಯಿತ್ತು. 1901ರಲ್ಲಿ ವಾರಕ್ಕೆ ನಾಲ್ಕು ಪೌಂಡಿನಿಂದ ಆರಂಭವಾದ ಆ ಗರಿಷ್ಠ ಮಿತಿ 1958ರಲ್ಲಿ ಇಪ್ಪತ್ತಕ್ಕೆ ಬಂದು ನಿಂತಿತ್ತು.

ಹಳೆಗನ್ನಡ ಕಾವ್ಯಗಳ ಪರಿಚಯವುಳ್ಳವರಿಗೆ ಜೋಳವಾಳಿ ಎಂಬ ಮಾತು ಹೊಸದಲ್ಲ. ಅನ್ನವಿಟ್ಟ ಒಡೆಯನ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವ ವೀರಧರ್ಮ ಅದು. ಪಂಪನ ಕರ್ಣ ಅದಕ್ಕೆ ನಿದರ್ಶನ. ಕ್ಲಬ್ಬಿನ ಯಜಮಾನರು ಆಟಗಾರರಿಂದ ಅಪೇಕ್ಷಿಸುತ್ತಿದ್ದುದು ಇಂಥ ನಿಷ್ಠೆಯನ್ನೇ. ಊರಿನ ಅಭಿಮಾನಿಯೂ ಅದನ್ನೇ ಬಯಸುತ್ತಾನೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಆ ಕಡೆಗೇ ವಾಲುತ್ತದೆ. ಆದರೆ ಜೋಳವಾಳಿಗೆ ಮೊದಲು ಜೋಳವಿರಬೇಕಷ್ಟೆ. ಲೀಗಿನ ಏರ್ಪಾಡಿನಲ್ಲಿ ಜೋಳ ನಿಂತುಹೋದ ಮೇಲೂ ಋಣ ಉಳಿಯುತ್ತಿತ್ತು.

ಇದಕ್ಕೆ ತಲೆಬಾಗದವನು ಜಾರ್ಜ್ ಈಸ್ಟ್‌ಹ್ಯಾಮ್. ತಂದೆಯೂ ಇಂಗ್ಲೆಂಡಿನ ಪರವಾಗಿ ಆಡಿದವನು. ಮಗ 1956ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಸೇರಿದ. ಕ್ಲಬ್ಬು ಕೊಟ್ಟ ಮನೆ ವಾಸಕ್ಕೆ ತಕ್ಕುದಲ್ಲವೆಂದೂ ಕೊಡಿಸಿದ ಉಪಕೆಲಸ ಹಿಡಿಸಲಿಲ್ಲವೆಂದೂ ಮನಸ್ತಾಪ ಬೆಳೆಯಿತು. 1960ರಲ್ಲಿ ಕರಾರು ಮುಗಿದಾಗ ಆತ ಸಹಿ ಹಾಕಲಿಲ್ಲ. ತನ್ನನ್ನು ಬಿಟ್ಟುಕೊಡಿರೆಂದು ಕೇಳಿದ. ಕ್ಲಬ್ಬು ಒಪ್ಪಲಿಲ್ಲ. ಆತ ಉತ್ತರದ ಆ ಊರನ್ನು ತೊರೆದು ದಕ್ಷಿಣದ ಸರ್‍ರೆ ಪ್ರಾಂತಕ್ಕೆ ಹೋಗಿ, ಎರ್ನಿ ಕ್ಲೇ ಎಂಬ ಮಿತ್ರನ ಬಳಿ ಕಾರ್ಕ್ ಮಾರುವ ಕೆಲಸ ಹಿಡಿದ. ದೇಶದ ಅತ್ಯಂತ ಕುಶಲ ಆಟಗಾರರಲ್ಲೊಬ್ಬ ಆಟದ ಕಾಲವನ್ನೆಲ್ಲ ಹೀಗೆ ಕಳೆಯುತ್ತಿದ್ದ. ನನಗೆ ಈ ಕಥೆಯಲ್ಲಿ ಬಹಳ ಮುಖ್ಯವಾಗಿ ಕಾಣುವವನು ಆ ಕಾರ್ಕಿನ ವ್ಯಾಪಾರಿಯೇ. ಅನ್ನಕ್ಕೆ ಬೇರೊಂದು ದಾರಿಯಿದ್ದುದರಿಂದ ಈಸ್ಟ್‌ಹ್ಯಾಮನಿಗೆ ಇಲ್ಲವೆನ್ನಲು ಸಾಧ್ಯವಾಯಿತು. ಅಂಥ ಮಿತ್ರನಿಲ್ಲದವನು ಸಹಿ ಹಾಕಬೇಕಾಗುತ್ತಿತ್ತು.

ಆ ವರ್ಷದ ಕೊನೆಗೆ ನ್ಯೂಕ್ಯಾಸಲ್ ಮಣಿಯಿತು. 47,500 ಪೌಂಡು ಪಡೆದು ಅವನನ್ನು ಲಂಡನ್ನಿನ ಆರ್ಸೆನಲ್ ಕ್ಲಬ್ಬಿಗೆ ಕೊಟ್ಟಿತು. 1961ರ ಜನವರಿಯಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದಾಗ ಗರಿಷ್ಠ ಸಂಬಳದ ಮಿತಿಯೂ ರದ್ದಾಯಿತು. ಫುಲ್‌ಹ್ಯಾಮ್ ಕ್ಲಬ್ಬಿನ ಜಾನಿ ಹೇನ್ಸ್‌ಗೆ ವಾರಕ್ಕೆ ನೂರು ಪೌಂಡು ಸಿಗತೊಡಗಿತು. ಬೇಕಾದದ್ದು ದೊರೆತ ಈಸ್ಟ್‌ಹ್ಯಾಮ್ ಸುಮ್ಮನಿರಬಹುದಿತ್ತು. ಆದರೆ ಸಂಘದ ಬೆಂಬಲದಿಂದ ಆತ ಮೊಕದ್ದಮೆಯನ್ನು ಮುಂದುವರಿಸಿದ. 1963ರಲ್ಲಿ ತೀರ್ಪು ಬಂತು: ಕರಾರು ಮುಗಿದವನನ್ನು ಹಿಡಿದಿಟ್ಟುಕೊಳ್ಳುವ ನಿಯಮ ವೃತ್ತಿಗೆ ಒಡ್ಡಿದ ಅನ್ಯಾಯದ ತಡೆ. ಕೊಟ್ಟವರು ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್‌ನ ವಂಶಜರು. ಕಾದಂಬರಿಯಲ್ಲಿ ಬಂದಿದ್ದರೆ ನಾವು ನಂಬುತ್ತಿರಲಿಲ್ಲ. ನಮ್ಮ 1872ರ ಕರಾರು ಕಾಯಿದೆಯ 27ನೆಯ ಕಲಮೂ ವೃತ್ತಿಗೆ ತಡೆಯೊಡ್ಡುವ ಒಪ್ಪಂದ ಅಸಿಂಧುವೆನ್ನುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಕ್ಲಬ್ಬುಗಳ ವಾದವನ್ನೂ ಕೇಳಬೇಕು. ಆಟಗಾರರಿಗೆ ಬಿಡುಗಡೆ ಕೊಟ್ಟರೆ ಧನಿಕ ಕ್ಲಬ್ಬುಗಳು ಒಳ್ಳೆಯವರನ್ನೆಲ್ಲ ಸೆಳೆದುಕೊಂಡಾವು, ಎಳೆಯರನ್ನು ಕಲಿಸಿ ಬೆಳೆಸಿದ ಬಡ ಕ್ಲಬ್ಬು ಬರಿಗೈಯಲ್ಲಿ ನಿಂತೀತು ಎಂದು ಅವರು ಹೇಳುತ್ತಿದ್ದರು. ಇದು ಬರಿಯ ನೆಪವಾಗಿರಲಿಲ್ಲ. ಹಿಡಿದಿಡುವ ನಿಯಮ ಬಿದ್ದರೂ ವರ್ಗಾವಣೆಗೆ ಹಣ ಕೇಳುವ ಪದ್ಧತಿ ಉಳಿದುಕೊಂಡದ್ದು ಈ ಭಯದ ಆಸರೆಯಲ್ಲೇ. ಅದಕ್ಕೆ ಪೆಟ್ಟು ಕೊಟ್ಟವನು ಬೆಲ್ಜಿಯಮ್ಮಿನ ಬೋಸ್ಮನ್ ಎಂಬ ಸಾಧಾರಣ ಆಟಗಾರ. 1990ರಲ್ಲಿ ಕರಾರು ತೀರಿದ ಮೇಲೆ ಲಿಯೇಜ್ ನಗರದ ಅವನ ಕ್ಲಬ್ಬು ಸಂಬಳವನ್ನು ಬಹಳವಾಗಿ ಇಳಿಸಿತು. ಫ್ರಾನ್ಸಿಗೆ ಹೋಗಲೂ ದಾರಿಯಾಗಲಿಲ್ಲ. ಐದು ವರ್ಷ ಹೋರಾಡಿ, 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ. ಕರಾರು ಮುಗಿದವನು ಐರೋಪ್ಯ ಒಕ್ಕೂಟದ ಬೇರೊಂದು ದೇಶದ ಕ್ಲಬ್ಬಿಗೆ ಹೋಗುವುದಾದರೆ ಹಳೆಯ ಕ್ಲಬ್ಬು ಹಣ ಕೇಳುವಂತಿಲ್ಲವೆಂದಾಯಿತು. ಅಲ್ಲಿಂದೀಚೆಗೆ ಕರಾರಿನ ಕೊನೆಯ ವರ್ಷ ಸಮೀಪಿಸಿದಾಗ ನಿದ್ದೆಗೆಡುವವರು ಕ್ಲಬ್ಬಿನವರು.

ಹಾಲೆಂಡಿನ ಅಯಾಕ್ಸ್ ತಾನೇ ತರಬೇತಿ ಕೊಟ್ಟ ಹುಡುಗರನ್ನು ಕಟ್ಟಿಕೊಂಡು 1995ರ ಮೇ ತಿಂಗಳಲ್ಲಿ ಯುರೋಪಿನ ಕಪ್ಪನ್ನು ಗೆದ್ದಿತ್ತು. ಮರುವರ್ಷ ಕರಾರು ಮುಗಿದೊಡನೆ ಡಾವಿಡ್ಸ್, ರೈಜಿಗರ್ ಇಬ್ಬರೂ ಇಟಲಿಯ ಮಿಲಾನ್ ಕ್ಲಬ್ಬಿಗೆ ಹೊರಟುಹೋದರು. ಅಯಾಕ್ಸಿಗೆ ವರ್ಗಾವಣೆಯ ಹಣವೆಂದು ಬಿಡಿಗಾಸೂ ಬರಲಿಲ್ಲ. ಹಿಂದಿನ ವರ್ಷದ ಆ ಅಂತಿಮ ಪಂದ್ಯದಲ್ಲಿ ಅದು ಸೋಲಿಸಿದ್ದು ಮಿಲಾನನ್ನೇ.